ಕೊಳ್ಳೇಗಾಲದ ಗಿಡಕ್ಕೆ ಮದ್ರಾಸಿನ ಗ್ರಂಥ

ಮಲೆ ಮಹದೇಶ್ವರ ಬೆಟ್ಟದ ಗಿಡವೊಂದನ್ನು ಗುರುತಿಸಲು ಸಸ್ಯವಿಜ್ಞಾನಿಗಳು ಬಹುಕಾಲ ತೆರೆಯುತ್ತಿದ್ದುದು ಮದ್ರಾಸ್ ಪ್ರಾಂತ್ಯದ ಸಸ್ಯಸಂಪತ್ತನ್ನು ವಿವರಿಸುವ ಗ್ರಂಥವನ್ನು. ಇದಕ್ಕೆ ಕಾರಣವುಂಟು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

ಗ್ರಂಥವನ್ನು ಆರಂಭಿಸಿದವರು ಜೇಮ್ಸ್ ಸೈಕ್ಸ್ ಗ್ಯಾಂಬಲ್. 1847ರಲ್ಲಿ ಹುಟ್ಟಿದ ಈ ಇಂಗ್ಲಿಷ್ ಅರಣ್ಯಾಧಿಕಾರಿ ಮದ್ರಾಸಿನಲ್ಲಿ ದುಡಿದರು, ಡೆಹ್ರಾಡೂನಿನ ಅರಣ್ಯ ಶಾಲೆಯನ್ನು ನಡೆಸಿದರು. ಭಾರತದ ಮರಗಳ ಬಗ್ಗೆ 1881ರಲ್ಲೇ ಕೈಪಿಡಿ ಬರೆದಿದ್ದರು. ನಿವೃತ್ತಿಯ ನಂತರ ಇಂಗ್ಲೆಂಡಿನಲ್ಲಿ ಕುಳಿತು, ಒಣಗಿಸಿಟ್ಟ ಮಾದರಿಗಳನ್ನು ಪರೀಕ್ಷಿಸುತ್ತ ಮದ್ರಾಸಿನ ಸಸ್ಯಗಳನ್ನು ವರ್ಣಿಸತೊಡಗಿದರು. ಮೊದಲ ಭಾಗ 1915ರಲ್ಲಿ ಹೊರಬಂತು.

ಎಲೆಗಳು ಎದುರುಬದುರೋ ಒಂದಾದ ಮೇಲೊಂದೋ, ಹೂವಿನ ದಳಗಳು ಬಿಡಿಯೋ ಕೂಡಿಕೊಂಡಿವೆಯೋ ಎಂದು ಒಂದೊಂದೇ ಲಕ್ಷಣ ನೋಡುತ್ತ ಹೋದರೆ ಕೊನೆಗೆ ಗಿಡದ ಹೆಸರು ಸಿಗುತ್ತದೆ. ಕಾಡಿನಲ್ಲಿ ಕೆಲಸ ಮಾಡುವವರಿಗೆ ಬೇಕಾದದ್ದು ಇದೇ.

1925ರಲ್ಲಿ ಗ್ಯಾಂಬಲ್ ತೀರಿಕೊಂಡರು. ಶ್ರೀಗಂಧದಂಥ ಮರಗಳ ವಿವರ ಮುಗಿದಿತ್ತು. ಸೀತಾಳೆ ಹೂಗಳೂ ಹುಲ್ಲುಗಳೂ ಉಳಿದಿದ್ದವು. ದನಕರು ಮೇಯುವ ಬೆಟ್ಟಸೀಮೆಯಲ್ಲಿ ಹುಲ್ಲಿಲ್ಲದ ಸಸ್ಯಗ್ರಂಥ ಅರ್ಧ ಗ್ರಂಥವೇ ಸರಿ. ಆ ಹೊಣೆ ಹೊತ್ತವರು ಸಿ.ಇ.ಸಿ. ಫಿಷರ್. ಮದ್ರಾಸಿನ ಅರಣ್ಯಾಧಿಕಾರಿಯಾಗಿದ್ದ ಅವರು ಕೊಯಮತ್ತೂರು ಜಿಲ್ಲೆಯದೇ ಆನೆಮಲೆ ಬೆಟ್ಟಗಳ ಸಸ್ಯಸಮೀಕ್ಷೆಯನ್ನು 1921ರಲ್ಲಿ ಪ್ರಕಟಿಸಿದ್ದರು. ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸ ಮುಂದುವರಿಸಿ, 1936ರಲ್ಲಿ ಹನ್ನೊಂದನೆಯ ಭಾಗದೊಂದಿಗೆ ಗ್ರಂಥವನ್ನು ಮುಗಿಸಿದರು.

1957ರಲ್ಲಿ ಅದು ಮೂರು ಸಂಪುಟಗಳಾಗಿ ಮರುಮುದ್ರಣಗೊಂಡಿತು. ಅಷ್ಟರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. 2013ರಲ್ಲಿ ಬೆಟ್ಟದ ಕಾಡು ವನ್ಯಜೀವಿಧಾಮವಾಯಿತು. ಅಲ್ಲಿ ಯಾವ ಗಿಡ ಉಳಿದಿದೆ, ಯಾವುದು ಕಾಣೆಯಾಗಿದೆ ಎಂದು ತಿಳಿಯಬೇಕಾದರೆ, ಹಿಂದೆ ಏನಿತ್ತೆಂದು ಬರೆದಿಟ್ಟ ಇಂಥ ಪುಸ್ತಕಗಳನ್ನೇ ಇಂದಿಗೂ ತೆರೆಯಬೇಕು.