ಅಮೃತಮಹಲಿನ ಕಾವಲುಗಳು

ಬೆಂಗಳೂರಿನಿಂದ ಸಿರಾ, ಹಿರಿಯೂರುಗಳ ಮಾರ್ಗವಾಗಿ ಚಳ್ಳಕೆರೆಯ ಕಡೆಗೆ ಪ್ರಯಾಣಮಾಡುವ ಪಟ್ಟಣವಾಸಿಗಳಿಗೆ ಹಾದಿಯ ಇಕ್ಕೆಲಗಳ ಬಯಲು ಅಷ್ಟೇನೂ ಮನೋಹರವೆನಿಸದು. ಕಾರೆ, ತಂಗಡಿ, ಬಂದರಿಕೆಗಳ ಮೆಳೆ, ನಡುನಡುವೆ ಜಾಲಿ, ಉಳಿದೆಡೆಯಲ್ಲಿ ಒಣಗಿದ ಕರಡ. ಮಲೆನಾಡಿನ ಹಸುರನ್ನೇ ಅಳತೆಗೋಲಾಗಿ ಮಾಡಿಕೊಂಡಿರುವ ನಾವು ಇದನ್ನು ಬಂಜರೆಂದು ಕರೆದು ಮುಂದೆ ಸಾಗುತ್ತೇವೆ. ಆದರೆ ಇಂತಹ ನೆಲಕ್ಕೆ ನಮ್ಮ ಹಿಂದಿನವರು ಇಟ್ಟ ಹೆಸರು ಬಂಜರೆಂದಲ್ಲ, ಕಾವಲೆಂದು. ಈ ಎರಡು ಹೆಸರುಗಳ ನಡುವಣ ಚರಿತ್ರೆಯನ್ನು ಈ ದಿನ ಸ್ವಲ್ಪಮಟ್ಟಿಗೆ ವಿಚಾರಮಾಡಬೇಕೆಂದಿರುವೆವು.

ಪಶ್ಚಿಮಘಟ್ಟಗಳು ಮುಂಗಾರಿನ ಮೋಡಗಳನ್ನು ತಡೆದುಬಿಡುವುದರಿಂದ ಚಳ್ಳಕೆರೆಯ ಸೀಮೆಗೆ ವರ್ಷಕ್ಕೆ 20 ಅಂಗುಲ ಮಳೆಯೂ ದುರ್ಲಭ. ಮರಗಳು ದಟ್ಟವಾಗಿ ಬೆಳೆಯಲು ಇದು ಸಾಲದು, ಹುಲ್ಲಿಗಾದರೋ ಸಾಕು. ಬೇಸಗೆಯಲ್ಲಿ ಮೇಲಿನ ದಂಟು ಒಣಗಿ ನಿಂತರೂ ನೆಲದೊಳಗಿನ ಬುಡ ಜೀವಹಿಡಿದಿದ್ದು, ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಚಿಗುರುತ್ತದೆ. ಆ ಎಳೆಯ ಚಿಗುರನ್ನು ದನಗಳು ಬಿಡುವಿಲ್ಲದೆ ಮೇದರೆ ಬುಡ ಸೊರಗುವುದು. ಬೀಜಕಟ್ಟುವವರೆಗೆ ಬಿಟ್ಟರೆ ಬಯಲು ತಾನಾಗಿ ತುಂಬಿಕೊಳ್ಳುವುದು. ಆದುದರಿಂದ ಒಣನಾಡಿನಲ್ಲಿ ದನ ಸಾಕುವ ವಿದ್ಯೆಯೆಂದರೆ ಬಹುಮಟ್ಟಿಗೆ ದನಗಳನ್ನು ಸಕಾಲದಲ್ಲಿ ಬೇರೆಡೆಗೆ ಹೊಡೆದುಕೊಂಡು ಹೋಗುವ ವಿದ್ಯೆ.

ಮೈಸೂರಿನ ಅರಸರು ಈ ವಿದ್ಯೆಯನ್ನು ಬಲ್ಲವರಾಗಿದ್ದರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಸುಗಳಿಗೆ ಅನೇಕ ಕಾವಲುಗಳನ್ನು ಗೊತ್ತುಮಾಡಿ, ಅದನ್ನು ಬೆಣ್ಣೆಚಾವಡಿಯೆಂಬ ಇಲಾಖೆಯಾಗಿ ಏರ್ಪಡಿಸಿದರು. ಹೈದರಾಲಿಯ ಕಾಲಕ್ಕೆ ಬೆಣ್ಣೆಗಿಂತ ಎತ್ತುಗಳೇ ಮುಖ್ಯವಾದುವು. ಈ ಎತ್ತುಗಳ ಬಲದಿಂದ ಅವನ ಸೇನೆ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದು ಚಿದಂಬರವನ್ನು ಸೇರಿತೆಂದು ಹೇಳುವರು. ಲೆಕ್ಕದಲ್ಲಿ ಕೊಂಚ ಉತ್ಪ್ರೇಕ್ಷೆಯಿದ್ದರೂ ಇರಬಹುದು. ಫಿರಂಗಿಗಳನ್ನೆಳೆಯುವುದರಲ್ಲಿ ಈ ತಳಿಗೆ ಸಮನಿಲ್ಲವೆಂಬುದನ್ನು ಅವನ ಶತ್ರುಗಳೇ ಒಪ್ಪಿದ್ದರು. ಬೆಣ್ಣೆಚಾವಡಿಗೆ ಅಮೃತಮಹಲೆಂಬ ಹೆಸರು ಬಂದುದು ಟಿಪ್ಪುವಿನಿಂದ.

ನಮಗೆ ಇದರಲ್ಲಿ ಯುದ್ಧದ ಕಥೆಗಿಂತ ಹೆಚ್ಚು ಸ್ವಾರಸ್ಯವಾಗಿ ತೋರುವುದು ಕಾವಲುಗಳ ವಿಂಗಡಣೆ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ಮೂರು ಬಗೆ. ಕೆರೆಯಂಗಳದಲ್ಲಿ ನೀರು ಇಳಿದಂತೆಲ್ಲ ಹಸುರು ಹುಲ್ಲು ಹುಟ್ಟುವ, ನಾಲ್ಕು ಮರದ ನೆರಳುಳ್ಳ ಬೇಸಗೆಯ ಕಾವಲಿಗೆ ಬೆಲೆ ಹೆಚ್ಚು. ಅಂತಹವು ಎಲ್ಲೆಡೆಯೂ ದೊರೆಯವು. ಹಿಂಡುಗಳು ಋತುವಿಗನುಸಾರವಾಗಿ ಒಂದರಿಂದ ಇನ್ನೊಂದಕ್ಕೆ ಸಂಚರಿಸುತ್ತಿದ್ದುವು. ಒಂದು ಬಯಲು ಮೇಯಿಸಿಕೊಳ್ಳುತ್ತಿದ್ದಾಗ ಇನ್ನೆರಡಕ್ಕೆ ವಿಶ್ರಾಂತಿ. ಹೀಗೆ ಕಾದಿಟ್ಟ ನೆಲ ಒಂದು ಕಾಲಕ್ಕೆ ಸುಮಾರು 4 ಲಕ್ಷ ಎಕರೆಗಳಷ್ಟಿದ್ದಿತು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಹಿಂಡುಗಳು ಇಂಗ್ಲಿಷರ ಸೇನೆಯ ಉಪಯೋಗಕ್ಕೆ ಬಂದುವು. 1860ರಲ್ಲಿ ಮದರಾಸಿನ ಸರ್ಕಾರ ಮಿತವ್ಯಯದ ನೆಪದಿಂದ ಇಲಾಖೆಯನ್ನೇ ಮುರಿದು ದನಗಳನ್ನು ಮಾರಿಹಾಕಿತು. ಒಳ್ಳೆಯ ಎತ್ತುಗಳು ದೊರೆಯದೆಹೋದಾಗ, 1866ರಲ್ಲಿ, ಅಳಿದುಳಿದವನ್ನು ಕೂಡಿಸಿ ಮತ್ತೆ ಆರಂಭಿಸಬೇಕಾಯಿತು. 1882ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಹಿಂದಿರುಗಿತು.

ದನಗಳಿಗಾಗಿ ಕಾದ ಬಯಲಿನಲ್ಲಿ ಬೇರೆ ಜೀವಿಗಳೂ ಬದುಕಿಕೊಂಡುವು. ಕೃಷ್ಣಮೃಗಕ್ಕೆ ಓಡಲು ತೆರಪು ಬೇಕು. ತೋಳಕ್ಕೆ ಮರಿಯಿಡಲು ಮೆಳೆ ಬೇಕು. ಎರೆಭೂತವೆಂದು ನಮ್ಮವರು ಕರೆಯುವ ದೊಡ್ಡ ಹಕ್ಕಿಯಾದರೋ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿ ನೆಲದ ಮೇಲಿಡುವುದು; ಸುತ್ತಲೂ ದೂರದವರೆಗೆ ಕಣ್ಣು ಹರಿಯದಿದ್ದರೆ ಅದಕ್ಕೆ ಬಾಳುವೆಯಿಲ್ಲ. ಇಡೀ ಭಾರತದಲ್ಲಿ ಇಂದು ಈ ಹಕ್ಕಿ 200ನ್ನೂ ಮುಟ್ಟದು.

ಇಂತಹ ಜೀವಿಗಳಿಗೆ ಮರ ನೆಡುವುದೂ ಅಪಕಾರವಾಗಬಹುದೆಂಬುದು ಕೇಳುವವರಿಗೆ ವಿಚಿತ್ರವೆನಿಸೀತು. 1974ರಲ್ಲಿ ಕೃಷ್ಣಮೃಗಗಳ ಧಾಮವಾದ ರಾಣೆಬೆನ್ನೂರಿನಲ್ಲಿ ಬಯಲಿನ ಬಹುಭಾಗವನ್ನು ನೀಲಗಿರಿಯ ತೋಪು ಆಕ್ರಮಿಸಿತು. ಎರೆಭೂತ ಅಲ್ಲಿಂದ ಕಣ್ಮರೆಯಾಯಿತು. ಬಳ್ಳಾರಿ ಜಾಲಿಯ ಕಥೆಯೂ ಇಂತಹುದೇ. ಹೆಸರಿನಲ್ಲಿ ಬಳ್ಳಾರಿಯಿದ್ದರೂ ಅದರ ತವರು ಅಮೆರಿಕಾ ಖಂಡ. ಒಣನೆಲಕ್ಕೆ ಸೌದೆಯಾಗಲೆಂದು 1877ರಲ್ಲಿ ಬೀಜ ತರಿಸಿದರು. ಸಿಹಿಯಾದ ಅದರ ಕಾಯನ್ನು ದನಗಳು ತಿಂದು, ಸೆಗಣಿಯೊಡನೆ ಬೀಜವನ್ನು ಕಾವಲು ಕಾವಲಿಗೂ ಬಿತ್ತಿದುವು!

ಸ್ವಾತಂತ್ರ್ಯಾನಂತರ ಕಾವಲುಗಳ ಬಹುಪಾಲು ಸಾಗುವಳಿಗೂ ಇತರ ಕಾರ್ಯಗಳಿಗೂ ಹಂಚಿಹೋಯಿತು. 2000ದಲ್ಲಿ ಭಾರತ ಸರ್ಕಾರ ಪ್ರಕಟಿಸಿದ ಬಂಜರುಭೂಮಿಗಳ ಭೂಪಟದಲ್ಲಿ ಕುರುಚಲು ನೆಲಕ್ಕೂ ಒಂದು ವರ್ಗವುಂಟು. ಹೆಸರು ಬದಲಾದ ಮೇಲೆ ಕೈ ಬದಲಾಗುವುದು ಸುಲಭ. 2009ರಿಂದೀಚೆಗೆ ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಅಂತರಿಕ್ಷಗಳ ಸಂಶೋಧನಾ ಸಂಸ್ಥೆಗಳ ಪಾಲಾಯಿತು. ಆ ಸಂಸ್ಥೆಗಳ ಪ್ರಯೋಜನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಕುರಿ ದನಗಳನ್ನು ಮೇಯಿಸುತ್ತಿದ್ದ ಹಳ್ಳಿಗರು ನ್ಯಾಯಮಂಡಲಿಯ ಮುಂದೆ ನಿಂತು, ಅದು ಯಾರಿಗೂ ಬೇಡವಾದ ನೆಲವಲ್ಲವೆಂದು ವಾದಿಸಬೇಕಾಗಿ ಬಂದುದು ಉಚಿತವೆನಿಸುವುದಿಲ್ಲ.

ಅಮೃತಮಹಲ್ ತಳಿಯನ್ನು ಅಜ್ಜಂಪುರದಲ್ಲಿ ಈಗಲೂ ಸಾಕುತ್ತಿರುವರು. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಹುಲ್ಲುಬಯಲನ್ನು 2007ರಲ್ಲಿ ಕೃಷ್ಣಮೃಗಗಳಿಗಾಗಿ ಮೀಸಲಾಗಿ ಸಾರಲಾಯಿತು. ಬೆಂಗಳೂರಿನಿಂದ ಅರ್ಧ ದಿನದೊಳಗೆ ಹೋಗಿಬರಬಹುದು. ಮಳೆ ನಿಂತು ಹುಲ್ಲು ತೆನೆಗಟ್ಟುವ ಕಾಲವು ನೋಡಲು ಪ್ರಶಸ್ತವಾದುದು.