ಹೊಳೆಗೆ ಬಿಟ್ಟ ನೆಲ

ಜುಲೈ ತಿಂಗಳು ಬಂತೆಂದರೆ ಬೆಳಗಾವಿ ಜಿಲ್ಲೆಯ ಗಡಿ ತಾಲ್ಲೂಕುಗಳಿಂದ ಒಂದೇ ಬಗೆಯ ಸುದ್ದಿ ಬರತೊಡಗುತ್ತದೆ. ವೇದಗಂಗಾ ನದಿಯ ಜತ್ರಾಟ–ಭೀವಶಿ, ಸಿದ್ನಾಳ–ಅಕ್ಕೋಳ, ಭೋಜವಾಡಿ–ಕುನ್ನೂರ. ದೂಧಗಂಗಾ ನದಿಯ ಕಾರದಗಾ–ಭೋಜ, ಮಲಿಕವಾಡ–ದತ್ತವಾಡ. ಇವುಗಳ ಜೊತೆಗೆ ಕಲ್ಲೋಳ–ಯಡೂರ. ಸೇತುವೆಗಳು ಮುಳುಗಿವೆ, ಸಂಚಾರ ಬಂದ್ ಆಗಿದೆ, ಜನ ಸುತ್ತುಬಳಸಿ ಹೋಗುತ್ತಿದ್ದಾರೆ. ವರ್ಷಗಳು ಉರುಳಿದರೂ ಈ ಪಟ್ಟಿಯಲ್ಲಿನ ಊರುಗಳ ಹೆಸರು ಬದಲಾಗುವುದಿಲ್ಲ.

ಇವು ತಗ್ಗಿನಲ್ಲಿ ಕಟ್ಟಿದ ಸೇತುವೆಗಳು. ಬೇಸಿಗೆಯಲ್ಲಿ ನೀರು ನಿಲ್ಲಿಸುವ ಬಾಂದಾರಗಳೂ ಹೌದು. ಮಳೆಗಾಲದಲ್ಲಿ ಹೊಳೆ ತಮ್ಮ ಮೇಲೆ ಹಾಯ್ದು ಹೋಗಲಿ ಎಂಬ ಲೆಕ್ಕದಲ್ಲೇ ಇವನ್ನು ಕಟ್ಟಲಾಗಿದೆ. ಪ್ರವಾಹದ ಹಾನಿ ತಗ್ಗಿಸಲು ಕಾಂಕ್ರೀಟ್ ಗೋಡೆಯ ಬದಲು ಬಯಲು, ಹಳ್ಳ, ಮರ, ಮಣ್ಣುಗಳನ್ನೇ ಬಳಸಿಕೊಳ್ಳಬೇಕೆಂಬ ಮಾತು ಇಂದು ಜಗತ್ತಿನ ಹಲವೆಡೆ ಕೇಳಿಬರುತ್ತಿದೆ. ಇದಕ್ಕೆ ತಜ್ಞರು ನೈಸರ್ಗಿಕ ಮೂಲಸೌಕರ್ಯ ಎಂದು ಹೆಸರಿಟ್ಟಿದ್ದಾರೆ. ಹೆಸರು ಹೊಸದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಹೊಳೆಸಾಲಿನವರಿಗೆ ಈ ವಿಚಾರ ಹೊಸದಲ್ಲ.

ಮಳೆ ಅಲ್ಲಿ, ನೆರೆ ಇಲ್ಲಿ

ಈ ಭಾಗದ ವೈಚಿತ್ರ್ಯವೆಂದರೆ ಅಥಣಿಯಂಥ ತಾಲ್ಲೂಕು ಬರಕ್ಕೂ ಹೆಸರಾಗಿದೆ, ನೆರೆಗೂ ಹೆಸರಾಗಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರ್ ಆಸುಪಾಸು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ಬೀಳುವುದು 5,000 ಮಿಲಿಮೀಟರಿಗೂ ಹೆಚ್ಚು. ಅಲ್ಲಿಂದ ಇಳಿದ ನದಿಗೆ ಕರಾಡದಲ್ಲಿ ಕೊಯ್ನಾ, ಸಾಂಗಲಿ ಬಳಿಯ ಹರಿಪುರದಲ್ಲಿ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಸೇರುತ್ತವೆ. ಕೊಲ್ಹಾಪುರ ಜಿಲ್ಲೆಯ ಸಹ್ಯಾದ್ರಿಯಲ್ಲಿ ಹುಟ್ಟುವ ವೇದಗಂಗಾ ಮತ್ತು ದೂಧಗಂಗಾ ನದಿಗಳು ಭೋಜದ ಬಳಿ ಕೂಡಿ ಮುಂದೆ ಕೃಷ್ಣೆಯನ್ನು ಸೇರುತ್ತವೆ. ಹೀಗೆ ಘಟ್ಟದ ಮಳೆಯೆಲ್ಲ ಒಟ್ಟಾಗಿ ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿಗಳ ಸಮತಟ್ಟಾದ ಎರೆನೆಲಕ್ಕೆ ಬಂದಿಳಿಯುತ್ತದೆ. ಕೃಷ್ಣೆ ತುಂಬಿ ಹರಿಯುವಾಗ ದೂಧಗಂಗೆಯ ನೀರಿಗೆ ಮುಂದೆ ದಾರಿ ಸಿಗುವುದಿಲ್ಲ. ಅದು ಹಿಂದಕ್ಕೇರಿ ಬಯಲಿಗೆ ಹರಡುತ್ತದೆ.

ಹಿಂದಿನ ಕೃಷಿ ಈ ಹರಡುವಿಕೆಗೆ ಹೊಂದಿಕೊಂಡಿತ್ತು. ಎರೆನೆಲವನ್ನು ಮಳೆಗಾಲದಲ್ಲಿ ಖಾಲಿ ಬಿಟ್ಟು, ಮಳೆ ಹಿಂಜರಿದ ಮೇಲೆ ಹಿಂಗಾರಿ ಜೋಳ, ಕಡಲೆ ಬಿತ್ತುವುದು ಬಯಲುಸೀಮೆಯ ವಾಡಿಕೆ. ಜುಲೈ–ಆಗಸ್ಟ್‌ನಲ್ಲಿ ನೀರು ಬಂದು ಹೋದರೆ ಕಳೆದುಕೊಳ್ಳುವ ಬೆಳೆಯೇ ಹೊಲದಲ್ಲಿ ಇರುತ್ತಿರಲಿಲ್ಲ. ನೀರಿನ ಜೊತೆ ಬಂದ ಗೋಡು ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಹಸಿ ಹಿಡಿದ ಮಣ್ಣಿನಲ್ಲಿ ಜೋಳ ಹುಲುಸಾಗುತ್ತಿತ್ತು. ನೆರೆಯ ವಿಜಯಪುರ ಜಿಲ್ಲೆಯಲ್ಲಿ ಡೋಣಿ ಹರಿದರೆ ಓಣಿ ತುಂಬ ಕಾಳು ಎಂಬ ಗಾದೆಯೇ ಇದೆ. ಹೊಳೆ ಉಕ್ಕುವುದನ್ನು ಸುಗ್ಗಿಯ ಮುನ್ಸೂಚನೆಯೆಂದು ಕಂಡ ಕಾಲದ ಗಾದೆ ಅದು.

ನೀರಾವರಿಯ ಕಟ್ಟಡದಲ್ಲೂ ಇದೇ ಬುದ್ಧಿ ಕೆಲಸ ಮಾಡಿತು. ಕೊಲ್ಹಾಪುರ ಸೀಮೆಯಲ್ಲಿ ರೂಢಿಗೆ ಬಂದು ಅದೇ ಹೆಸರು ಪಡೆದ ಬಾಂದಾರದಲ್ಲಿ ಕಲ್ಲಿನ ಕಂಬಗಳ ನಡುವೆ ಗಾಡಿಗಳಿರುತ್ತವೆ. ಮಳೆಗಾಲ ಮುಗಿದ ಮೇಲೆ ಆ ಗಾಡಿಗಳಲ್ಲಿ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತಾರೆ. ನೀರು ನಿಲ್ಲುತ್ತದೆ. ಮುಂದಿನ ಮಳೆಗಾಲಕ್ಕೆ ಮುನ್ನ ಹಲಗೆ ಕಿತ್ತಿಟ್ಟರೆ ಹೊಳೆಗೆ ದಾರಿ ಬಿಟ್ಟಂತಾಯಿತು. ಹಲಗೆಯ ಬದಲು ಉಕ್ಕಿನ ತಗಡು, ಗೇಟು ಬಂದ ಮೇಲೂ ತತ್ವ ಬದಲಾಗಿಲ್ಲ. ಆದರೆ ಹಲಗೆಯನ್ನು ಸಕಾಲಕ್ಕೆ ತೆಗೆಯುವವರು ಬೇಕು. ಯಾರೂ ತೆಗೆಯದಿದ್ದರೆ ಒಳ್ಳೆಯ ಬಾಂದಾರವೂ ಅಡ್ಡಗೋಡೆಯಾಗುತ್ತದೆ.

ಕಬ್ಬು ಬಂದ ಮೇಲೆ

ಚಿತ್ರ ಬದಲಾದದ್ದು ಪಂಪ್‌ಸೆಟ್ ಮತ್ತು ಕಬ್ಬಿನಿಂದ. ಉಗಾರದಲ್ಲಿ ಸಕ್ಕರೆ ಕಾರ್ಖಾನೆಯ ಕಂಪೆನಿ ಆರಂಭವಾದದ್ದು 1939ರಲ್ಲಿ. ಸ್ವಾತಂತ್ರ್ಯಾನಂತರ ಸಹಕಾರಿ ಕಾರ್ಖಾನೆಗಳ ಸಾಲೇ ಬಂತು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಅವುಗಳಲ್ಲಿ ಸೇರಿವೆ. ಘಟ್ಟದ ಅಣೆಕಟ್ಟುಗಳಿಂದಾಗಿ ಬೇಸಿಗೆಯಲ್ಲೂ ಹೊಳೆಯಲ್ಲಿ ನೀರು ಸಿಗತೊಡಗಿತು. ಮಳೆಗಾಲದಲ್ಲಿ ಹೊಳೆಗೆ ಬಿಟ್ಟಿದ್ದ ನೆಲವೇ ಅತಿ ಬೆಲೆಬಾಳುವ ನೆಲವಾಯಿತು.

ಕಬ್ಬು ಒಂದು ವರ್ಷ, ಒಂದೂವರೆ ವರ್ಷ ಹೊಲದಲ್ಲೇ ನಿಲ್ಲುವ ಬೆಳೆ. ಜುಲೈನಲ್ಲಿ ಅದನ್ನು ಎತ್ತಿಡಲಾಗದು. ಸುಳಿ ಮುಳುಗಿ ಹಲವು ದಿನ ನೀರು ನಿಂತರೆ ಬೆಳೆ ಕೊಳೆಯುತ್ತದೆ. ಹೀಗಾಗಿ ಅಷ್ಟೇ ನೀರು, ಅಷ್ಟೇ ಎತ್ತರ ಬಂದರೂ ಹಿಂದೆ ಇಲ್ಲದ ನಷ್ಟ ಈಗ ಆಗುತ್ತದೆ. ಹೊಳೆದಂಡೆಯ ಮರಗಳು ಕಡಿಮೆಯಾಗಿ, ಸಾಲು ಕಬ್ಬು ದಡದ ಅಂಚಿನವರೆಗೆ ಬಂತು. ಬೇರಿನ ಹಿಡಿತ ತಪ್ಪಿದ ಎರೆಮಣ್ಣಿನ ದಂಡೆ ಕುಸಿಯುವುದು ಸುಲಭ. ಹಳ್ಳಗಳ ಪಕ್ಕದ ಹೊಲಗಳು ಇಷ್ಟಿಷ್ಟೇ ಅಗಲವಾಗುತ್ತಾ ಹೋದಂತೆ ಹಳ್ಳಗಳು ಕಿರಿದಾದವು.

2005, 2019 ಮತ್ತು 2021ರ ಮಹಾಪೂರಗಳು ಇದರ ಬೆಲೆ ಏನೆಂದು ತೋರಿಸಿದವು. 2019ರ ಆಗಸ್ಟ್‌ನಲ್ಲಿ ಕೆಳಗಿನ ಆಲಮಟ್ಟಿ ಜಲಾಶಯದಿಂದ ಸೆಕೆಂಡಿಗೆ ಐದು ಲಕ್ಷ ಘನ ಅಡಿಗೂ ಹೆಚ್ಚು ನೀರು ಬಿಡಬೇಕಾಯಿತು. ಆ ವರ್ಷವೂ 2021ರಲ್ಲೂ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಪುಣೆ–ಬೆಂಗಳೂರು ಹೆದ್ದಾರಿಯ ಸಂಚಾರವನ್ನೇ ನಿಲ್ಲಿಸಿತು.

ಬಯಲಿನ ಲೆಕ್ಕ

ಹಾಗಾದರೆ ದಂಡೆಗೆ ಗಿಡ ನೆಟ್ಟು, ಹಳ್ಳ ಅಗಲಿಸಿ, ಬಯಲು ಬಿಟ್ಟರೆ ಮಹಾಪೂರ ನಿಲ್ಲುತ್ತದೆಯೇ? ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಇಷ್ಟು ನೀರು ಒಂದು ಮೀಟರ್ ಆಳಕ್ಕೆ ನಿಲ್ಲಬೇಕಾದರೆ ಸುಮಾರು 7,000 ಎಕರೆ ಬಯಲು ಬೇಕು. ಹೊಳೆಯಲ್ಲಿ ನಾಲ್ಕು ಲಕ್ಷ ಕ್ಯೂಸೆಕ್ ನೀರು ಹರಿಯುತ್ತಿದ್ದರೆ ಒಂದು ಟಿಎಂಸಿ ಹಾದುಹೋಗಲು 42 ನಿಮಿಷ ಸಾಕು. ದಿನಗಟ್ಟಲೆ ಹರಿಯುವ ಮಹಾಪೂರವನ್ನು ನಾಲ್ಕಾರು ಊರಿನ ಬಯಲು ನುಂಗಿಬಿಡುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅದು ಸುಳ್ಳು ಭರವಸೆ.

ಬಯಲಿನ ಉಪಯೋಗ ಬೇರೆ ಬಗೆಯದು. ನದಿಗೆ ಅಗಲವಾಗಿ ಹರಡುವ ಜಾಗವಿದ್ದರೆ ನೀರಿನ ಮಟ್ಟ ಅಷ್ಟು ಏರುವುದಿಲ್ಲ. ಸೆಳವು ತಗ್ಗುತ್ತದೆ, ದಂಡೆ ಉಳಿಯುತ್ತದೆ. ಸಣ್ಣ ಮತ್ತು ಮಧ್ಯಮ ಪ್ರವಾಹಗಳಲ್ಲಿ ಈ ಲಾಭ ಸ್ಪಷ್ಟ; ಅತಿ ದೊಡ್ಡ ಪ್ರವಾಹದಲ್ಲಿ ಕಡಿಮೆ. ಎಲ್ಲಿ ಏನು ನೆಡಬೇಕು ಎಂಬುದೂ ಮುಖ್ಯ. ದಂಡೆಯ ಮೇಲಿನ ಹೊಂಗೆ, ಅತ್ತಿ, ಬಿದಿರು ಮಣ್ಣು ಹಿಡಿಯುತ್ತವೆ. ಪಾತ್ರದೊಳಗೆ ದಟ್ಟವಾಗಿ ಬೆಳೆದ ಬಳ್ಳಾರಿ ಜಾಲಿ ನೀರಿಗೆ ಅಡ್ಡಿಯಾಗಿ ಮಟ್ಟವನ್ನೇ ಏರಿಸೀತು. ಬಯಲನ್ನು ಅಡ್ಡಹಾಯುವ ಎತ್ತರಿಸಿದ ರಸ್ತೆಗೆ ಸಾಕಷ್ಟು ಕಂಡಿಗಳಿಲ್ಲದಿದ್ದರೆ ಅದು ಕಟ್ಟೆಯ ಕೆಲಸ ಮಾಡುತ್ತದೆ. ಆದ್ದರಿಂದ ಇದು ವನಮಹೋತ್ಸವದ ದಿನ ಗಿಡ ನೆಟ್ಟು ಮುಗಿಸುವ ಕೆಲಸವಲ್ಲ. ಅಳತೆ, ನಿಗಾ, ದುರಸ್ತಿ ವರ್ಷಗಟ್ಟಲೆ ನಡೆಯಬೇಕು.

ನೆಲದ ಒಡೆಯ ಯಾರು?

ಇದಕ್ಕಿಂತ ಕಠಿಣವಾದ ಪ್ರಶ್ನೆ ನೆಲದ್ದು. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಎತ್ತರದ ಜಾಗಗಳಲ್ಲಿ ಹೊಸ ಊರುಗಳನ್ನೇ ಕಟ್ಟಲಾಯಿತು. ಹಲವು ಕಡೆ ಮನೆಗಳು ಖಾಲಿ ಉಳಿದವು. ಮನೆಯನ್ನು ಎತ್ತರಕ್ಕೆ ಒಯ್ಯಬಹುದು, ಹೊಲವನ್ನು ಒಯ್ಯಲಾಗದು. ಕಬ್ಬಿನ ಗದ್ದೆ, ಎಮ್ಮೆ, ಮೇವು, ಪಂಪ್‌ಸೆಟ್ ಎಲ್ಲವೂ ಹೊಳೆಯ ಬಳಿ ಇರುವಾಗ ರೈತ ರಾತ್ರಿ ಮಲಗಲು ಮಾತ್ರ ದೂರದ ಕಾಲೊನಿಗೆ ಹೋಗುವುದಿಲ್ಲ.

ನೆದರ್ಲೆಂಡ್ಸ್ ದೇಶ ಇದೇ ಪ್ರಶ್ನೆಯನ್ನು ಎದುರಿಸಿತು. 1995ರಲ್ಲಿ ಅಲ್ಲಿ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಯಿತು. ಶತಮಾನಗಳಿಂದ ಏರಿ ಎತ್ತರಿಸುತ್ತಲೇ ಬಂದಿದ್ದ ಆ ದೇಶ, ಬಳಿಕ ಮೂವತ್ತಕ್ಕೂ ಹೆಚ್ಚು ಸ್ಥಳಗಳಲ್ಲಿ ನದಿಗೆ ಜಾಗ ಬಿಟ್ಟುಕೊಡುವ ಯೋಜನೆ ಕೈಗೊಂಡಿತು. ಓವರ್‌ಡೀಪ್ಸೆ ಎಂಬಲ್ಲಿ 17 ಕೃಷಿ ಕುಟುಂಬಗಳಿದ್ದವು. ಏರಿಯನ್ನು ತಗ್ಗಿಸಿ, ಸುಮಾರು 25 ವರ್ಷಕ್ಕೊಮ್ಮೆ ಬರುವಂಥ ಪ್ರವಾಹ ತಮ್ಮ ಹೊಲಕ್ಕೆ ನುಗ್ಗಲಿ, ಆದರೆ ಮನೆ–ಕೊಟ್ಟಿಗೆಗಳಿಗೆ ಎತ್ತರದ ದಿಬ್ಬಗಳನ್ನು ಕಟ್ಟಿಕೊಡಿ ಎಂಬ ಯೋಜನೆ ಮುಂದಿಟ್ಟವರು ಆ ರೈತರೇ. ಸುಮಾರು ಅರ್ಧದಷ್ಟು ಕುಟುಂಬಗಳು ದಿಬ್ಬಗಳ ಮೇಲೆ ಉಳಿದವು, ಮಿಕ್ಕವರು ಪರಿಹಾರ ಪಡೆದು ಹೊರಟರು. ಅಧಿಕಾರಿಗಳು ನಕ್ಷೆ ಬರೆಯುವ ಮೊದಲೇ ರೈತರ ಮಾತು ಕೇಳಿದ್ದು ಅಲ್ಲಿನ ಯಶಸ್ಸಿನ ಗುಟ್ಟು.

ನಮ್ಮಲ್ಲಿ ಕಾನೂನಿನ ಯತ್ನವೂ ಹಳೆಯದೇ. ಪ್ರವಾಹ ಬಯಲಿನಲ್ಲಿ ಎಲ್ಲಿ ಏನಿರಬೇಕೆಂದು ಗೊತ್ತುಮಾಡುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತು. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ, ಉತ್ತರಾಖಂಡ 2012ರಲ್ಲಿ ಕಾಯ್ದೆ ಮಾಡಿದವು. ಹೆಚ್ಚಿನ ರಾಜ್ಯಗಳು ಸುಮ್ಮನಿದ್ದವು. ಮಹಾರಾಷ್ಟ್ರದಲ್ಲಿ 25 ವರ್ಷಕ್ಕೊಮ್ಮೆಯ ಪ್ರವಾಹಕ್ಕೆ ನೀಲಿ ಗೆರೆ, 100 ವರ್ಷಕ್ಕೊಮ್ಮೆಯದಕ್ಕೆ ಕೆಂಪು ಗೆರೆ ಎಳೆಯುವ ಪದ್ಧತಿ ಇದೆ. ಗೆರೆ ಇದ್ದಮಾತ್ರಕ್ಕೆ ಮನೆ ಏಳುವುದು ನಿಲ್ಲುವುದಿಲ್ಲವೆಂಬುದು ಸಾಂಗಲಿ, ಕೊಲ್ಹಾಪುರಗಳ ಅನುಭವ.

ಪಾಲಿಗೆ ಬಾರದ ನೀರು

ಹಿಂದೆ ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬಿದ್ದಾಗ ನದಿಯ ಮೇಲ್ಭಾಗ ಒಂದು ರಾಜ್ಯಕ್ಕೆ, ಈ ಬಯಲು ಇನ್ನೊಂದಕ್ಕೆ ಸೇರಿತು. 1969ರಲ್ಲಿ ನೇಮಕಗೊಂಡ ಬಚಾವತ್ ನ್ಯಾಯಮಂಡಳಿ ಕೃಷ್ಣೆಯ 2,060 ಟಿಎಂಸಿ ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರ ಪ್ರದೇಶಕ್ಕೆ 800 ಎಂದು ಹಂಚಿತು. ಬಳಸಲು ಸಿಗುವ ನೀರಿಗೆ ಪಾಲು ಬಿತ್ತು. ಉಕ್ಕಿ ಬರುವ ನೀರನ್ನು ಯಾರ ಹೊಲ ಹೊರಬೇಕು ಎಂಬುದಕ್ಕೆ ಅಂಥ ಪಾಲುಪಟ್ಟಿ ಇಲ್ಲ.

ಆ ಕೊರತೆಯಿಂದಲೇ ಪ್ರತಿ ಮಹಾಪೂರದ ನಂತರ ದೂಷಣೆಯ ಮಾತು ಏಳುತ್ತದೆ. ಸಾಂಗಲಿ, ಕೊಲ್ಹಾಪುರ ಮುಳುಗಲು ಆಲಮಟ್ಟಿಯ ಹಿನ್ನೀರೇ ಕಾರಣವೆಂದು ಅಲ್ಲಿನವರು ಹೇಳಿದರು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ ನಂದಕುಮಾರ ವಡನೇರೆ ಸಮಿತಿ 2020ರಲ್ಲಿ ಆ ವಾದವನ್ನು ಒಪ್ಪಲಿಲ್ಲ. ವಾದ ಮಾತ್ರ ಮುಗಿದಿಲ್ಲ. ಕೊಯ್ನಾದಿಂದ ಹಠಾತ್ತನೆ ನೀರು ಬಿಡುತ್ತಾರೆಂಬುದು ಕೆಳಗಿನವರ ದೂರು. 2021ರ ಜೂನ್‌ನಲ್ಲಿ ಎರಡೂ ರಾಜ್ಯಗಳು ಜಲಾಶಯಗಳ ಹೊಂದಾಣಿಕೆ ಬಗ್ಗೆ ಬೆಂಗಳೂರಿನಲ್ಲಿ ಮಾತುಕತೆ ನಡೆಸಿದವು. ಇಂಥ ಹೊಂದಾಣಿಕೆ ಇಲ್ಲದೆ ಕೆಳಗಿನ ದಂಡೆಯ ಗಿಡವಾಗಲಿ ಬಯಲಾಗಲಿ ಹೆಚ್ಚಿನದೇನನ್ನೂ ಸಾಧಿಸದು.

ಈ ಐದು ತಾಲ್ಲೂಕುಗಳಲ್ಲಿ ನದಿಗೆ ಜಾಗ ಬಿಡಿಸುವ ಯಾವುದೇ ಯೋಜನೆ ಮೊದಲು ಉತ್ತರಿಸಬೇಕಾದ ಪ್ರಶ್ನೆಗಳು ಸರಳವಾಗಿವೆ. ಯಾವ ಸರ್ವೆ ನಂಬರಿನವರೆಗೆ ಎಷ್ಟು ವರ್ಷಕ್ಕೊಮ್ಮೆ ನೀರು ಬರುತ್ತದೆ? ಕಬ್ಬು ಬಿಟ್ಟು ಹಿಂಗಾರಿ ಬೆಳೆಗೋ ಮೇವಿಗೋ ಮರಳುವ ರೈತನಿಗೆ ಪ್ರತಿವರ್ಷ ಎಷ್ಟು ಹಣ, ಯಾರು ಕೊಡುತ್ತಾರೆ? ನೆಟ್ಟ ಮರ, ಅಗಲಿಸಿದ ಹಳ್ಳ, ತೆಗೆಯಬೇಕಾದ ಹಲಗೆಗಳ ಜವಾಬ್ದಾರಿ ಹತ್ತು ವರ್ಷದ ನಂತರ ಯಾವ ಕಚೇರಿಯದು? ನೆರೆ ಬಂದಾಗ ಪರಿಹಾರಕ್ಕೆ ಖರ್ಚಾಗುವ ಹಣದಲ್ಲಿ ಒಂದು ಪಾಲನ್ನು ನೆರೆ ಬಾರದ ವರ್ಷಗಳಲ್ಲೇ ತೆಗೆದಿಟ್ಟರೆ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕೀತು. ಮೊದಲನೆಯದಕ್ಕೆ ಉತ್ತರ ಹೊಳೆಸಾಲಿನ ಹಿರಿಯರ ನೆನಪಿನಲ್ಲಿದೆ, 2005, 2019, 2021ರಲ್ಲಿ ನೀರು ಮುಟ್ಟಿದ ಗೋಡೆಗಳ ಮೇಲಿದೆ. ಆ ಗುರುತುಗಳಿಗೆ ಸುಣ್ಣ ಬಳಿಯುವ ಮುನ್ನ ಅವನ್ನು ಅಳೆದು ಗ್ರಾಮ ಪಂಚಾಯ್ತಿಯ ದಫ್ತರದಲ್ಲಿ ಬರೆದಿಡುವುದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ.