ಹನ್ನೆರಡಾ, ಇಪ್ಪತ್ತಾ? ಅಜ್ಜನ ಚಾಕುವಿನ ಲೆಕ್ಕ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಕಂತು ನಾನೇ ಮಾಡಿದ ಒಂದು ತಪ್ಪಿನಿಂದ ಶುರುವಾಗುತ್ತೆ.

ನಮ್ಮಜ್ಜ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಜೇಬಲ್ಲಿ ಯಾವಾಗ್ಲೂ ಒಂದು ಮಡಚೋ ಚಾಕು ಇರ್ತಿತ್ತು. ಹಳೇ ಲಾರಿಯ ಕಮಾನ್ ಪ್ಲೇಟಿನ ತುಂಡಿನಿಂದ ಕಮ್ಮಾರರೊಬ್ಬರು ಮಾಡಿಕೊಟ್ಟಿದ್ದು. ಎಲೆ ತೊಟ್ಟು ತೆಗೆಯೋಕೂ ಅದೇ, ಮಾವಿನಕಾಯಿಗೂ ಅದೇ, ಹಗ್ಗ ಕೊಯ್ಯೋಕೂ ಅದೇ. ಅಜ್ಜ ಹೋದಮೇಲೆ ಅದು ನನ್ನ ಪಾಲಿಗೆ ಬಂತು.

ಹೋದ ವರ್ಷ ಅದನ್ನ ಮಸೆಯೋಣ ಅಂತ ಕೂತೆ. ಫೋನಲ್ಲಿ ಜಪಾನಿ ಚಾಕುಗಳ ವಿಡಿಯೋ ನೋಡಿದ್ದೆ. ಒಂದೊಂದು ಬದಿಗೆ 12 ಡಿಗ್ರಿ ಕೋನ. ಎರಡು ಸಂಜೆ ಕಲ್ಲಿನ ಮೇಲೆ ಉಜ್ಜಿದೆ. ಕಾಗದ ಹಿಡಿದು ಎಳೆದ್ರೆ ಸರ್ ಅಂತ ಎರಡು ಹೋಳು! ಮಾರನೇ ದಿನ ತೋಟದಲ್ಲಿ ತೆಂಗಿನ ನಾರಿನ ಹಗ್ಗ ಕೊಯ್ದೆ. ನಾಲ್ಕೇ ಕೊಯ್ತ. ಚಾಕುವಿನ ಬಾಯಿ ಒಂದು ಕಡೆಗೆ ಮಡಚಿಕೊಂಡಿತ್ತು.

ಶಿವಮೊಗ್ಗದ ಗಾಂಧಿ ಬಜಾರ್ ಹತ್ತಿರ ಸೈಕಲ್ಲಿಗೆ ಸಾಣೆ ಚಕ್ರ ಕಟ್ಟಿಕೊಂಡು ಬಂದಿದ್ದ ಹಿರಿಯರೊಬ್ಬರಿಗೆ ತೋರಿಸಿದೆ. ಹೆಬ್ಬೆರಳಲ್ಲಿ ಬಾಯಿ ಸವರಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದ್ರಲ್ಲಿ ಏನ್ ಕೊಯ್ತೀಯಪ್ಪಾ?"

ನಾನು ಆ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ.

ನೋಡಿ, ಕೋನ ಅಂದ್ರೆ ಏನು? ಅಲಗಿನ ಎರಡು ಬದಿಗಳು ಬಾಯಲ್ಲಿ ಬಂದು ಸೇರೋ ಇಳಿಜಾರು. ಕೋನ ಕಿರಿದಾದಷ್ಟೂ ಬಾಯಿ ತೆಳು, ಸಲೀಸಾಗಿ ಒಳಗೆ ಇಳಿಯುತ್ತೆ. ಆದ್ರೆ ಬಾಯಿಯ ಹಿಂದೆ ಆಸರೆಗೆ ನಿಲ್ಲೋ ಲೋಹವೂ ಕಮ್ಮಿ. ಬಿ.ಕಾಂ. ಓದಿದವನ ಭಾಷೆಯಲ್ಲಿ ಹೇಳೋದಾದ್ರೆ, ಹೆಚ್ಚು ಲಾಭ, ಹೆಚ್ಚು ರಿಸ್ಕ್. ಎಷ್ಟು ರಿಸ್ಕ್ ತಡೆಯುತ್ತೆ ಅನ್ನೋದನ್ನ ಕೆಲಸವೂ ಉಕ್ಕೂ ಸೇರಿ ತೀರ್ಮಾನ ಮಾಡ್ತವೆ.

ಈ ಉಕ್ಕಿನ ವಿಷಯಕ್ಕೆ ಬಂದ್ರೆ, ನಮ್ಮ ಕಡೆಯದ್ದು ಸಣ್ಣ ಇತಿಹಾಸ ಅಲ್ಲ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಅನ್ನೋರು ಭಾರತದ ಒಂದು ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದ್ರು. ಅದರ ಹೆಸರು 'ವೂಟ್ಸ್'. ಇದು ನಮ್ಮ 'ಉಕ್ಕು' ಪದವೇ ಬಾಯಿಂದ ಬಾಯಿಗೆ ಹೋಗಿ ಆಗಿದ್ದು ಅಂತ ಅನೇಕ ವಿದ್ವಾಂಸರ ಅಭಿಪ್ರಾಯ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಈಗಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಕಡೆ ಉಕ್ಕು ಮಾಡೋದನ್ನ ಬರೆದಿಟ್ಟಿದ್ದಾರೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ. ಬಾಯಿ ಮುಚ್ಚಿ ಕುಲುಮೆಗೆ. ಕಡ್ಡಿಯಲ್ಲಿದ್ದ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗ್ತಿತ್ತು. ಇಂಥ ಉಕ್ಕಲ್ಲಿ ಇಂಗಾಲ ಸುಮಾರು ಶೇ. 1.5ರಷ್ಟು. ಕಿಟಕಿ ಗ್ರಿಲ್ ಮಾಡೋ ಸಾಧಾರಣ ಉಕ್ಕಲ್ಲಿ ಇರೋದು ಶೇ. 0.2ರ ಆಸುಪಾಸು.

ಆ ಉಕ್ಕನ್ನ ಲಂಡನ್ನಲ್ಲಿ ಪ್ರೀತಿಯಿಂದ ಕೈಗೆತ್ತಿಕೊಂಡವರು ಜೇಮ್ಸ್ ಸ್ಟೋಡರ್ಟ್. ರಾಜನಲ್ಲ, ಸೇನಾಪತಿಯಲ್ಲ, ಚಾಕು ಮಾಡೋರು! ಶಸ್ತ್ರಚಿಕಿತ್ಸೆಯ ಉಪಕರಣಗಳನ್ನೂ ಮಾಡ್ತಿದ್ರು. ತೆಳುವಾದ ಬಾಯಿಗೆ ಇಂಥ ಗಟ್ಟಿ ಉಕ್ಕೇ ಬೇಕು ಅನ್ನೋದು ಅವರಿಗೆ ಕೈಯಿಂದಲೇ ಗೊತ್ತಾಗಿತ್ತು. ಮುಂದೆ ಮೈಕಲ್ ಫ್ಯಾರಡೆ ಜೊತೆ ಸೇರಿ 1820ರಲ್ಲಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗಗಳನ್ನ ಪ್ರಕಟಿಸಿದ್ರು. ಹೌದು, ವಿದ್ಯುತ್ತಿನ ಪಾಠದಲ್ಲಿ ಬರೋ ಅದೇ ಫ್ಯಾರಡೆ. ಅವರಪ್ಪ ಕಮ್ಮಾರ.

ಗಟ್ಟಿ ಉಕ್ಕಾದ್ರೆ ತೆಳುವಾದ ಬಾಯಿ ನಿಲ್ಲುತ್ತೆ. ಜಪಾನಿ ಅಡುಗೆ ಚಾಕು 12–15 ಡಿಗ್ರಿ ತಡೆಯೋದು ಅದಕ್ಕೇ. ಆದ್ರೆ ಗಟ್ಟಿತನಕ್ಕೂ ಬೆಲೆ ಇದೆ, ಮೂಳೆಗೆ ತಗುಲಿದ್ರೆ ಚಕ್ಕೆ ಏಳುತ್ತೆ. ಕಮಾನ್ ಪ್ಲೇಟಿನ ಕಥೆ ಬೇರೆ. ಅದರಲ್ಲಿ ಇಂಗಾಲ ಸುಮಾರು ಶೇ. 0.6. ಲಾರಿ ಗುಂಡಿಗೆ ಬಿದ್ರೂ ಮುರಿಯದೆ ಬಾಗಿ ಮೇಲೇಳಬೇಕು, ಅದಕ್ಕಂತಲೇ ಇರೋ ಉಕ್ಕು ಅದು. 12 ಡಿಗ್ರಿಗೆ ತೆಳು ಮಾಡಿದ್ರೆ ಬಾಯಿ ಮುರಿಯಲ್ಲ, ಮಡಚುತ್ತೆ. ನನ್ನ ಕೈಯಲ್ಲಿ ಆಗಿದ್ದೂ ಅದೇ.

ಮಲೆನಾಡಿನ ಮನೆಗಳಲ್ಲಿ ಈ ವಿದ್ಯೆ ಪುಸ್ತಕದಲ್ಲಿ ಇರಲಿಲ್ಲ, ಸಾಮಾನಿನಲ್ಲೇ ಇತ್ತು. ಸೌದೆ ಸೀಳೋ ಕೊಡಲಿಗೆ ದಪ್ಪ ಬಾಯಿ, ಯಾಕಂದ್ರೆ ಅದು ಕೊಯ್ಯೋದಕ್ಕಿಂತ ಬಿರಿಸಬೇಕು. ಅಡಿಕೆ ಸುಲಿಯೋ ಮೆಟ್ಟುಗತ್ತಿ ಹಸಿ ಸಿಪ್ಪೆ ಸೀಳಬೇಕು, ಆದ್ರೆ ಒಳಗಿನ ಅಡಿಕೆಗೆ ಗಾಯ ಆಗಬಾರದು. ಕ್ಷೌರದ ಕತ್ತಿಯಲ್ಲಂತೂ ಕೋನವನ್ನ ಮಾಡುವಾಗಲೇ ಕೂರಿಸಿರ್ತಾರೆ: ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ಮಲಗಿಸಿ ಉಜ್ಜಿದ್ರೆ ಸಾಕು, ಬದಿಗೆ ಎಂಟೊಂಬತ್ತು ಡಿಗ್ರಿ ತಾನಾಗೇ ಬರುತ್ತೆ.

ಭದ್ರಾವತಿ ಈ ಕಥೆಯ ದೊಡ್ಡ ರೂಪ. 1923ರಲ್ಲಿ ಅಲ್ಲಿ ಕಬ್ಬಿಣ ಕರಗೋಕೆ ಶುರುವಾದಾಗ ಅದಿರು ಬಂದಿದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ. ಮೂಸೆಯ ತಂಗಡಿ ಕಡ್ಡಿಯ ಜಾಗದಲ್ಲಿ ಇಡೀ ಕಾಡೇ ಬಂದು ನಿಂತಂಗೆ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ಅದರ ಹೊಣೆ ಹೊತ್ತು 1929ರವರೆಗೆ ನಡೆಸಿದ್ರು. 1936ರಲ್ಲಿ ಉಕ್ಕಿನ ಘಟಕ ಬಂತು, ಆಮೇಲೆ ವಿಶೇಷ ಉಕ್ಕುಗಳು ಬಂದವು. ಒಂದೊಂದು ಕೆಲಸಕ್ಕೆ ಒಂದೊಂದು ಉಕ್ಕು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚೋ ತೀರ್ಮಾನ ಬಂದಾಗ ಕಾರ್ಮಿಕರು ಬೀದಿಗಿಳಿದ್ರು. ಸಂಬಳದ ಪ್ರಶ್ನೆ ಇತ್ತು, ನಿಜ. ಆದ್ರೆ ಯಾವ ಕೆಲಸಕ್ಕೆ ಯಾವ ಉಕ್ಕು ಅಂತ ಬಲ್ಲ ಕೈಗಳೂ ಒಂದು ಊರಿನ ಆಸ್ತಿ. ಯಾವ ಬ್ಯಾಲೆನ್ಸ್ ಶೀಟಲ್ಲೂ ಅದಕ್ಕೆ ಕಾಲಂ ಇಲ್ಲ.

ಸರಿ, ನಿಮ್ಮ ಜೇಬಿನ ಚಾಕುವಿಗೆ ಎಷ್ಟು? ಬರೀ ಹಣ್ಣು, ಕಾಗದ ಅಂದ್ರೆ ಬದಿಗೆ 15 ಸಾಕು. ಹಗ್ಗ, ರಟ್ಟು, ಕಡ್ಡಿ ಎಲ್ಲಾ ಕೊಯ್ಯೋದಾದ್ರೆ 20. ಒರಟು ಕೆಲಸವೇ ಜಾಸ್ತಿ ಅಂದ್ರೆ 25. ಅಳೆಯೋಕೆ ಯಂತ್ರ ಬೇಡ. ಕಾಗದದ ಮೂಲೆ 90 ಡಿಗ್ರಿ. ಅರ್ಧಕ್ಕೆ ಮಡಚಿದ್ರೆ 45, ಮತ್ತೊಂದು ಸಲ ಮಡಚಿದ್ರೆ 22.5. ಅದನ್ನ ಕಲ್ಲಿನ ಪಕ್ಕ ನಿಲ್ಲಿಸಿ, ಅದಕ್ಕಿಂತ ಒಂಚೂರು ತಗ್ಗಿಸಿ ಹಿಡೀರಿ. ಅಲಗು ಎರಡು ಸೆಂಟಿಮೀಟರ್ ಅಗಲ ಇದ್ರೆ, ಬೆನ್ನಿನ ಮಧ್ಯಭಾಗ ಕಲ್ಲಿನಿಂದ ಏಳು ಮಿಲಿಮೀಟರ್ ಮೇಲಿದ್ದಾಗ ಸುಮಾರು 20 ಡಿಗ್ರಿ, ಐದು ಮಿಲಿಮೀಟರ್ ಇದ್ರೆ ಸುಮಾರು 15. ಬಾಯಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಎರಡು ಸಲ ಉಜ್ಜಿ ನೋಡಿ. ತುದಿಯವರೆಗೂ ಮಸಿ ಹೋಗಿದ್ರೆ ಕೋನ ಸರಿ. ಮೇಲಷ್ಟೇ ಹೋಗಿ ತುದಿಯಲ್ಲಿ ಉಳಿದಿದ್ರೆ, ಬೆನ್ನನ್ನ ಇನ್ನೊಂಚೂರು ಎತ್ತಿ.

ಆ ಹಿರಿಯರು ಚಾಕುವನ್ನ 20ರ ಸುಮಾರಿಗೆ ತಂದುಕೊಟ್ರು. ಅಳೆಯಲಿಲ್ಲ, ಕೈಗೆ ಗೊತ್ತಿತ್ತು. ಮನೆಗೆ ಬಂದು ನೋಡಿದ್ರೆ ಅಲಗು ಮೊದಲಿಗಿಂತ ಕಿರಿದಾಗಿದೆ, ಕಣ್ಣಿಗೆ ಕಾಣೋಷ್ಟು. ಅಕೌಂಟ್ಸ್ ಪಾಠದಲ್ಲಿ 'ಸವಕಳಿ' ಅಂತ ಬರೆದೂ ಬರೆದೂ ಪಾಸಾದವನು ನಾನು. ಆ ಪದದ ಅರ್ಥ ಬೆರಳಿಗೆ ತಾಗಿದ್ದು ಅವತ್ತೇ. ಅಜ್ಜ ನಲವತ್ತು ವರ್ಷ ಬಳಸಿ ಸವೆಸಿದ್ದು ಎಷ್ಟೋ, ನಾನು ಎರಡು ಸಂಜೆಯಲ್ಲಿ ಸವೆಸಿದ್ದು ಎಷ್ಟೋ!

ನಿಮ್ಮನೆಯಲ್ಲೂ ಹಳೇ ಚಾಕು, ಕತ್ತಿ, ಈಳಿಗೆಮಣೆ ಇರುತ್ತೆ. ಕಲ್ಲಿಗೆ ಇಡೋ ಮುಂಚೆ ಅದನ್ನ ಬಳಸಿದವರು ಮನೆಯಲ್ಲಿದ್ರೆ ಒಂದ್ಸಲ ಕೇಳಿ, ಇದ್ರಲ್ಲಿ ಏನ್ ಕೊಯ್ತಿದ್ರಿ ಅಂತ. ಮುಂದಿನ ಕಂತಲ್ಲಿ ಸಿಗೋಣ.